ಶಾಂತವ್ವ ಒತ್ತಿದ ಎದೆ

ಲಕಮನಹಳ್ಳಿಯ ಕಾರ್ಖಾನೆಯೊಂದಕ್ಕೆ ಪ್ರಥಮ ಚಿಕಿತ್ಸೆ ಕಲಿಸಲು ಹೋಗಿದ್ದೆ. ಹೃದಯ ನಿಂತವರ ಎದೆ ಒತ್ತುವುದನ್ನು ಕಲಿಸಲು ನನ್ನ ಬಳಿ ಒಂದು ರಬ್ಬರ್ ಗೊಂಬೆಯಿದೆ. ಸರಿಯಾಗಿ ಒತ್ತಿದರೆ ಅದಕ್ಕೆ ಜೋಡಿಸಿದ ಟ್ಯಾಬ್‌ನಲ್ಲಿ ಹಸಿರು ಬರುತ್ತದೆ, ತಪ್ಪಿದರೆ ಕೆಂಪು.

ಕ್ಯಾಂಟೀನಿನ ಶಾಂತವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಸೂಪರ್‌ವೈಸರ್ ಸಾಹೇಬರು ತಡೆದರು. "ಹೆಣ್ಮಕ್ಕಳ ಕೆಲಸ ಅಲ್ಲ ಇದು. ನೀ ಒಳಗ ಹೋಗು."

"ಹೋದ ತಿಂಗಳ ಗೇಟ್ ಕಾಯೋ ಕಾಕಾ ಎದಿ ಹಿಡಕೊಂಡು ಬಿದ್ದಾಗ ನೀವೆಲ್ಲಾ ನಿಂತು ನೋಡಿದ್ರಿ. ನಾನೂ ನೋಡಿದೆ. ಕಾಕಾ ಹೋಗೇಬಿಟ್ರು. ಇನ್ನೊಮ್ಮೆ ನಾ ನೋಡ್ಕೋತ ನಿಂದ್ರಂಗಿಲ್ರಿ."

ನನ್ನನ್ನು ಕರೆಸಿದ್ದು ಆ ಸಾಹೇಬರೇ. ಆದರೂ, "ಕುಂದರ್ರಿ ಶಾಂತವ್ವಾರ," ಅಂದೆ.

ಮೊದಲು ಕೆಂಪೇ ಬಂತು. ಸಾಹೇಬರು ನಕ್ಕರು. ಶಾಂತವ್ವ ತಲೆ ಎತ್ತಲಿಲ್ಲ. ಮೊಣಕೈ ನೆಟ್ಟಗೆ ಮಾಡಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ಹಸಿರು ಬಂತು. ಬೆವರು ಇಳಿಯುತ್ತಿದ್ದರೂ ಅವರು ನಿಲ್ಲಿಸಲಿಲ್ಲ.

ಆಮೇಲೆ ಸಾಹೇಬರು ಕೂತರು. ಎಷ್ಟು ಒತ್ತಿದರೂ ಕೆಂಪು.

"ಮಷೀನ್ ಕೆಟ್ಟೈತೇನ್ರಿ?"

"ಛಲೋ ಐತ್ರಿ. ಸೂಪರ್‌ವೈಸರ್ ಯಾರು ಅನ್ನೋದೊಂದು ಅದಕ್ಕ ಗೊತ್ತಾಗಂಗಿಲ್ಲ," ಅಂದೆ.

ಆ ಕಾರ್ಖಾನೆಯವರು ನನ್ನನ್ನು ಮತ್ತೆ ಕರೆದಿಲ್ಲ. ಶಾಂತವ್ವ ಮಾತ್ರ ಫೋನ್ ಮಾಡಿದ್ದರು: "ಗೊಂಬಿ ತಗೊಂಡು ನಮ್ಮ ಓಣಿಗೆ ಬರ್ರಿ. ಇಲ್ಲಿ ಯಾರ ಪರವಾನಗಿನೂ ಬೇಕಾಗಿಲ್ಲ."