ಕೂರದ ಮಿಸ್ಸು, ಕೂತ ಹೆಡ್ ಮಾಸ್ಟರು

ಮೂರನೇ ಕ್ಲಾಸಿನ ಮಿಸ್ಸು ತರಗತಿಯಲ್ಲಿ ಕುರ್ಚಿಯ ಮೇಲೆ ಕೂತದ್ದನ್ನು ಕಂಡವರಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ಹೊಲಿದುಕೊಟ್ಟ ದರ್ಜಿಯನ್ನು ಕಂಡೆ ಎನ್ನುವವರು ಸಿಕ್ಕಾರು. ಬೆಕ್ಕು ಕಾವಲಿದ್ದೂ ಉಳಿದ ಹಾಲನ್ನು ಕಂಡೆ ಎನ್ನುವವರೂ ಸಿಕ್ಕಾರು. ಮಿಸ್ಸು ಕೂತದ್ದನ್ನು ಕಂಡೆ ಎನ್ನುವ ಧೈರ್ಯ ಮಾತ್ರ ಯಾರಿಗೂ ಬಂದಿರಲಿಲ್ಲ.

ಮಹಾತ್ಮರ ಬಗ್ಗೆ ಕತೆಗಳು ಹುಟ್ಟುವುದು ಸಹಜ. ನಾಲ್ಕನೇ ಕ್ಲಾಸಿನ ಮಕ್ಕಳ ಪ್ರಕಾರ ಮಿಸ್ಸಿನ ಮಂಡಿಗೆ ಕೀಲೇ ಇಲ್ಲ. ಗಂಟೆ ಹೊಡೆಯುವ ಆಯಮ್ಮನ ಪ್ರಕಾರ ಅವರು ಕುದುರೆಯ ಹಾಗೆ ನಿಂತೇ ನಿದ್ದೆ ಮಾಡುತ್ತಾರೆ. ಮೊಮ್ಮಗಳನ್ನು ಬಿಡಲು ಬರುವ ಒಬ್ಬ ಅಜ್ಜಿಯಂತೂ, ಲೋಕದ ಮಕ್ಕಳೆಲ್ಲ ಮಗ್ಗಿ ಕಲಿಯುವ ತನಕ ಕೂರುವುದಿಲ್ಲವೆಂದು ಮಿಸ್ಸು ಶಪಥ ಮಾಡಿದ್ದಾರೆಂದು ಗೇಟಿನ ಬಳಿ ದಿನಾ ಸಾರುತ್ತಿದ್ದಳು. "ಹಾಗಾದ್ರೆ ಪಾಪ, ಮುಂದಿನ ಜನ್ಮದಲ್ಲೂ ನಿಂತಿರ್ಬೇಕು" ಎಂದು ಆಯಮ್ಮ ನಿಟ್ಟುಸಿರು ಬಿಡುತ್ತಿದ್ದಳು.

ಎಲ್ಲಕ್ಕಿಂತ ಉನ್ನತವಾದ ವ್ಯಾಖ್ಯಾನ ಹೆಡ್ ಮಾಸ್ಟರದು. ಅವರದೆಲ್ಲವೂ ಉನ್ನತವೇ. ದೇವರು ಅವರನ್ನು ಮಾಡುವಾಗ ಮಣ್ಣು ಕಡಿಮೆ ಬಿದ್ದು ಎಳೆದು ಉದ್ದ ಮಾಡಿದಂತಿದ್ದರು. ಮಕ್ಕಳು ಬೆನ್ನ ಹಿಂದೆ ಕೊಕ್ಕರೆ ಸರ್ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. "ಕೊಕ್ಕರೆ ಎಂದರೆ ಏಕಾಗ್ರತೆ" ಎಂದು ಹೆಂಡತಿಯ ಮುಂದೆ ಸಮಾಧಾನ ಮಾಡಿಕೊಂಡಿದ್ದರು. ಮಿಸ್ಸು ಕೂರದಿರುವುದು ತ್ಯಾಗ ಎಂಬುದು ಅವರ ಸಿದ್ಧಾಂತ. ಗುರುವಿನ ಆಸನವನ್ನೇ ಶಿಷ್ಯರಿಗೆ ಬಿಟ್ಟುಕೊಟ್ಟ ಮಹಾತ್ಯಾಗ! ಇದನ್ನು ಅವರು ಶಿಕ್ಷಕರ ಸಭೆಯಲ್ಲಿ ಗದ್ಗದ ಕಂಠದಿಂದ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಆ ಸಭೆಯಲ್ಲಿ ಮಿಸ್ಸೂ ಇದ್ದರು, ಬೆಂಚಿನ ಮೇಲೆ ಆರಾಮಾಗಿ ಕೂತು ಕಡಲೆ ಬೀಜ ಸುಲಿಯುತ್ತಿದ್ದರು. ಅದನ್ನು ಗಮನಿಸುವ ಮನಸ್ಸು ಯಾರಿಗೂ ಇರಲಿಲ್ಲ.

ಮಿಸ್ಸು ಮೈಕೈ ತುಂಬಿಕೊಂಡ ಹೆಂಗಸು. ಅವರ ಯಜಮಾನರು ಬಡಗಿ. ಅವರು ಮುಟ್ಟಿದರೆ ಮರ ಮಾತಾಡುತ್ತದೆ ಎನ್ನುವಂಥ ಕೈ. ಹೆಡ್ ಮಾಸ್ಟರ ಮನೆಯ ಮುಂಬಾಗಿಲನ್ನು, ತಲೆ ಬಗ್ಗಿಸದೆ ಒಳಗೆ ಹೋಗುವಷ್ಟು ಎತ್ತರಕ್ಕೆ, ಅವರೇ ಮಾಡಿಕೊಟ್ಟಿದ್ದರು. ಆದರೆ ಅವರ ಸ್ವಂತ ಮನೆಯ ಅಡುಗೆಮನೆ ಕಪಾಟಿನ ಬಾಗಿಲು ಮಾತ್ರ ಮಗಳ ಹಳೇ ರಿಬ್ಬನ್ನಿನ ಆಸರೆಯಲ್ಲಿ ಜೀವ ಹಿಡಿದಿತ್ತು. ಕೇಳಿದರೆ ಒಂದೇ ಉತ್ತರ: "ಬರೋ ವಾರ." ಅತ್ತೆಯೂ ಮಗನ ಪರ ವಹಿಸುತ್ತಿರಲಿಲ್ಲ. "ಅವನು ಹುಟ್ಟಿದ್ದೂ ಒಂದು ವಾರ ತಡವಾಗೇ ಕಣಮ್ಮ, ಇನ್ನು ನೀನು ಯಾವ ಲೆಕ್ಕ" ಎನ್ನುತ್ತಿದ್ದರು.

ಮನೆಗೆ ಬಾರದ ಆ ವಾರಗಳೆಲ್ಲ ಬಹುಶಃ ಮಿಸ್ಸಿನ ತರಗತಿಗೆ ಹೋಗಿ ಹಾಜರಿ ಹಾಕುತ್ತಿದ್ದವು. ಅಲ್ಲಿ ವಾರಕ್ಕೊಂದು ವೈಭವ. ಸೋಮವಾರ ಅಂದಾಜಿನ ದಿನ: ಡಬ್ಬಿಯಲ್ಲಿ ಎಷ್ಟು ಗುಂಡಿಗಳಿವೆ, ಯಾವ ಕಲ್ಲು ಭಾರ, ಮೊದಲು ಬಾಯಿಬಿಟ್ಟು ಹೇಳಬೇಕು, ಆಮೇಲೆ ನೋಡಬೇಕು. ಬುಧವಾರ ಹಿಂದಿನ ಬೆಂಚುಗಳು ಅಂಗಡಿಯಾಗುತ್ತಿದ್ದವು. ಖಾಲಿ ಸೋಪಿನ ಪೊಟ್ಟಣ, ಖಾಲಿ ಟೂತ್‌ಪೇಸ್ಟು, ದುಡ್ಡಿನ ಬದಲು ಹುಣಸೆ ಬೀಜ, ಆದರೆ ಚೌಕಾಸಿ ಮಾತ್ರ ಅಸಲಿ. ಅಳೆಯುವುದಕ್ಕೊಂದು ದಿನ, ಕತೆ ಕಟ್ಟುವುದಕ್ಕೊಂದು ದಿನ. ಇವೆಲ್ಲವೂ ಹರಿದು ಬಂದು ಸೇರುವ ಸಮುದ್ರವೆಂದರೆ ಶುಕ್ರವಾರದ ಕೊನೆಯ ಪೀರಿಯಡ್ಡು. ಆಗ 'ವಾರದ ತಪ್ಪಿ'ಗೆ ಪಟ್ಟಾಭಿಷೇಕ.

ಹೌದು, ತಪ್ಪಿಗೇ. ಇಡೀ ವಾರದಲ್ಲಿ ಯಾರು ಎಲ್ಲರಿಗಿಂತ ಚೆಂದದ ತಪ್ಪು ಮಾಡಿದರೋ ಅವರನ್ನು ಮಕ್ಕಳೇ ಆರಿಸಿ ಮಿಸ್ಸಿನ ಕುರ್ಚಿಯ ಮೇಲೆ ಕೂರಿಸಬೇಕು. ಕೂತವರು ತಮ್ಮ ಬುದ್ಧಿ ಯಾವ ಓಣಿಯಲ್ಲಿ ನುಗ್ಗಿ ಯಾವ ಗೋಡೆಗೆ ಡಿಕ್ಕಿ ಹೊಡೆಯಿತು ಎಂದು ವಿವರಿಸಬೇಕು. ಕೇಳಿದವರು ಚಪ್ಪಾಳೆ ತಟ್ಟಬೇಕು. ಒಂದೇ ಕಟ್ಟುನಿಟ್ಟು: ಬೇಕಂತಲೇ ಮಾಡಿದ ತಪ್ಪು ನಡೆಯುವುದಿಲ್ಲ. ಅದು ಖೋಟಾ.

ಹಾಗೆ ಸಿಂಹಾಸನವೇರಿದವರೆಲ್ಲ ಇತಿಹಾಸಪುರುಷರೇ. ಬೆಳಿಗ್ಗೆ ತನ್ನ ಹೆಜ್ಜೆಯಿಂದಲೂ ಮಧ್ಯಾಹ್ನ ತಂಗಿಯ ಹೆಜ್ಜೆಯಿಂದಲೂ ವರಾಂಡವನ್ನು ಅಳೆದು, ವರಾಂಡ ಊಟವಾದ ಮೇಲೆ ಬೆಳೆಯುತ್ತದೆಂದು ಸಾಬೀತುಪಡಿಸಿದ ಹುಡುಗಿ ಒಬ್ಬಳು. ಅಂಗಡಿಯಲ್ಲಿ ಗಿರಾಕಿ ಕೊಟ್ಟದ್ದಕ್ಕಿಂತ ಹೆಚ್ಚು ಚಿಲ್ಲರೆ ವಾಪಸ್ ಕೊಟ್ಟು, "ಅವನು ಅಳ್ತಾ ಇದ್ದ ಮಿಸ್" ಎಂದ ವ್ಯಾಪಾರಿ ಇನ್ನೊಬ್ಬ. ಇಂಥವರ ಕತೆ ಕೇಳಿದ ಮಕ್ಕಳು ಆ ತಪ್ಪನ್ನು ಮತ್ತೆ ಮಾಡುತ್ತಿರಲಿಲ್ಲ. ಹೊಸದನ್ನು ಮಾಡುತ್ತಿದ್ದರು.

ತೊಂದರೆ ಶುರುವಾದದ್ದು ಒಂದು ಮನೆಯ ಹೊಸ್ತಿಲಲ್ಲಿ. ಮುಂದಿನ ಹಲ್ಲೆರಡೂ ಬಿದ್ದಿದ್ದ ಬೊಚ್ಚುಬಾಯಿ ಹುಡುಗಿಯೊಬ್ಬಳು ಸಂಜೆ ಓಡಿಬಂದು, "ಅಪ್ಪಾ! ಇಡೀ ಕ್ಲಾಸಲ್ಲಿ ನನ್ನ ತಪ್ಪೇ ಫಸ್ಟು!" ಎಂದು ಕುಣಿದಳು. ಅಪ್ಪ ಕುಣಿಯಲಿಲ್ಲ. ಸೀದಾ ಶಿಕ್ಷಣ ಇಲಾಖೆಯ ಆಫೀಸರ ಬಳಿ ಹೋಗಿ ದೂರು ಕೊಟ್ಟ. ಆಫೀಸರು ಹೆಡ್ ಮಾಸ್ಟರಿಗೆ ಫೋನು ಮಾಡಿದರು.

"ಏನ್ರೀ, ನಿಮ್ಮ ಶಾಲೇಲಿ ತಪ್ಪು ಮಾಡಿದೋರಿಗೆ ಸನ್ಮಾನ ಅಂತೆ?"

"ಅದು ಸರ್... ಒಂದು ರೀತಿ..."

"ಶುಕ್ರವಾರ ನಾನೇ ಬರ್ತೀನಿ. ನೋಡಿ ಅರ್ಥ ಇದೆ ಅನ್ನಿಸಿದ್ರೆ ಸರಿ. ಇಲ್ಲಾಂದ್ರೆ ಆ ಪೀರಿಯಡ್ ಬಂದ್. ಸೋಮವಾರದಿಂದ ಅಲ್ಲಿ ಉಕ್ತಲೇಖನ."

ಹೆಡ್ ಮಾಸ್ಟರಿಗೆ ಮಿಸ್ಸಿನ ಮೇಲೆ ಗೌರವವಿತ್ತು. ಆ ಪೀರಿಯಡ್ಡಿನ ನಗು ಗೋಡೆ ದಾಟಿ ತಮ್ಮ ಕೋಣೆಗೆ ಬಂದಾಗ ಫೈಲು ಮುಚ್ಚಿಟ್ಟು ಕಿವಿಗೊಡುವ ಗುಟ್ಟಿನ ಅಭ್ಯಾಸವೂ ಇತ್ತು. ಅದು ನಿಂತುಹೋಗುವುದು ಅವರಿಗೆ ಬೇಡವಾಗಿತ್ತು. ಉಳಿಸಲು ಅವರು ಹೂಡಿದ ಉಪಾಯವೇ ಅದನ್ನು ಮುಳುಗಿಸಲು ಹೊರಟಿತು. ಸೋಮವಾರ ಬೆಳಿಗ್ಗೆ ತರಗತಿಗೆ ಬಂದು ಆಜ್ಞೆ ಹೊರಡಿಸಿದರು: "ಮಕ್ಕಳೇ, ಈ ವಾರ ಯಾರೂ ಒಂದೇ ಒಂದು ತಪ್ಪೂ ಮಾಡಬಾರದು. ಅಂದಾಜು ಗಿಂದಾಜು ಬೇಡ. ಗೊತ್ತಿದ್ರೆ ಹೇಳಿ, ಇಲ್ಲಾಂದ್ರೆ ಬಾಯಿ ಮುಚ್ಚಿ."

"ಸರ್, ಹಾಗಾದ್ರೆ ಶುಕ್ರವಾರ ಏನು ಮಾಡೋದು?" ಎಂದರು ಮಿಸ್ಸು.

"ಶುಕ್ರವಾರ ನಾವು ಗೆಲ್ಲೋದು!"

"ಯಾವುದನ್ನ ಇಟ್ಕೊಂಡು ಸರ್?"

ಹೆಡ್ ಮಾಸ್ಟರು ಗಂಭೀರವಾಗಿ ಹೊರಟುಹೋದರು.

ಮಕ್ಕಳು ಮಾತು ಕೇಳಿದರು. ಅದೇ ಅನಾಹುತ. ಅಂಗಡಿಯಲ್ಲಿ ಯಾರೂ ಏನೂ ಕೊಳ್ಳಲಿಲ್ಲ, ಚಿಲ್ಲರೆ ತಪ್ಪಿದರೆ ಎಂಬ ಭಯ. ಕತೆಯ ದಿನ ಎಲ್ಲರ ಕತೆಯೂ "ಒಂದೂರಲ್ಲಿ ಒಬ್ಬ ರಾಜ" ಎಂಬಲ್ಲಿಗೆ ಬಂದು ನಿಂತುಬಿಟ್ಟಿತು. ರಾಜ ಮುಂದೆ ಹೆಜ್ಜೆಯಿಟ್ಟು ಎಡವಿದರೆ? ಗೋಡೆಯಾಚೆಯ ಕೋಣೆಯಲ್ಲಿ ಹೆಡ್ ಮಾಸ್ಟರು ಫೈಲುಗಳ ಮೇಲೆ ಫೈಲು ಮುಗಿಸಿದರು. ಅಷ್ಟು ನೆಮ್ಮದಿಯಿಂದ ಅಷ್ಟು ಬೇಜಾರಾದದ್ದು ಅವರಿಗೆ ಅದೇ ಮೊದಲು.

ಶುಕ್ರವಾರ ಆಫೀಸರು ಬಂದರು. ಕುಳ್ಳಗೆ, ಗುಂಡಗೆ, ಉರುಳಿಬಂದಂತೆ ಬಂದರು. ಅವರ ಪಕ್ಕದಲ್ಲಿ ಹೆಡ್ ಮಾಸ್ಟರು ನಡೆದರೆ ಚೆಂಡೂ ದಾಂಡೂ ಜೊತೆಯಾಗಿ ಹೊರಟಂತಿತ್ತು. ತರಗತಿ ಸತ್ತವರ ಮನೆಯ ಹಾಗೆ ಸುಮ್ಮನಿತ್ತು. ಮಿಸ್ಸು ಎಂದಿನಂತೆ ನಿಂತಿದ್ದರು. ಕುರ್ಚಿ ಖಾಲಿ ಇತ್ತು.

"ಎಲ್ಲಿ, ಈ ವಾರದ ತಪ್ಪು ಯಾರದು?" ಎಂದರು ಆಫೀಸರು.

ಯಾರೂ ಏಳಲಿಲ್ಲ. ಕೊನೆಗೆ ಬೊಚ್ಚುಬಾಯಿ ಹುಡುಗಿ ಎದ್ದಳು. "ಈ ವಾರ ತಪ್ಪೇ ಇಲ್ಲ ಸರ್. ಹೆಡ್ ಮಾಸ್ಟರ್ ಬೇಡ ಅಂದ್ರು." ಅಂದವಳೇ ಗೊಳೋ ಎಂದಳು.

ಪೀರಿಯಡ್ಡು ಕೈಬಿಟ್ಟು ಹೋಗುತ್ತಿರುವುದು ಮಕ್ಕಳಿಗೂ ಅರ್ಥವಾಯಿತು. ಕಿಟಕಿ ಪಕ್ಕದವನೊಬ್ಬ ಪ್ರಾಣದ ಹಂಗು ತೊರೆದು ಎದ್ದ. "ಎರಡೆರಡ್ಲ ಐದು ಸರ್!"

"ಖೋಟಾ! ಖೋಟಾ!" ಇಡೀ ಕ್ಲಾಸು ಅವನ ಮೇಲೆ ಬಿತ್ತು. "ನಿಂಗೆ ನಾಲ್ಕು ಅಂತ ಗೊತ್ತು ಕಣೋ! ಮೋಸ!"

ಆಫೀಸರು ಕನ್ನಡಕ ತೆಗೆದು ಒರೆಸಿದರು. "ನೋಡ್ರೀ, ಇಲ್ಲಿ ನೋಡೋಕೆ ಏನೂ ಇಲ್ವಲ್ಲ. ಸೋಮವಾರದಿಂದ ಉಕ್ತಲೇಖನ ಶುರು ಮಾಡಿ."

ಹೆಡ್ ಮಾಸ್ಟರು ತರಗತಿಯ ಸುತ್ತ ಕಣ್ಣಾಡಿಸಿದರು. ಮೇಜಿನ ಮೇಲೆ ಸೋಮವಾರದಿಂದ ಬಟ್ಟೆ ಮುಚ್ಚಿಟ್ಟಿದ್ದ ಅಂದಾಜಿನ ಸಾಮಾನು ಕಣ್ಣಿಗೆ ಬಿತ್ತು. ತಾವೇ ಬೇಡವೆಂದು ಮುಚ್ಚಿಸಿದ್ದು. "ಇದೆ ಸರ್, ಇದೆ! ಒಂದು ಚಟುವಟಿಕೆ ಬಾಕಿ ಇದೆ! ಮಿಸ್, ಮಾಡಿ, ಮಾಡಿ!"

ಮಿಸ್ಸು ಬಟ್ಟೆ ಸರಿಸಿದರು. ಒಂದು ಕಡೆ ತೋಳುದ್ದದ ತೆಳ್ಳನೆ ಗಾಜಿನ ಬಾಟಲಿ. ಇನ್ನೊಂದು ಕಡೆ ನೆಲಕ್ಕಂಟಿದಂತಿದ್ದ ಕುಳ್ಳ ಪಾತ್ರೆ. "ಯಾವುದ್ರಲ್ಲಿ ಜಾಸ್ತಿ ನೀರು ಹಿಡಿಯುತ್ತೆ? ಮೊದಲು ಅಂದಾಜು ಹೇಳಿ."

ಮಕ್ಕಳು ಬಾಯಿ ಬಿಡಲಿಲ್ಲ. ವಾರವಿಡೀ ಬಿದ್ದ ಬೀಗ ಅಷ್ಟು ಬೇಗ ತೆಗೆಯುವುದೆಲ್ಲಿ? ಬೀಗ ಹಾಕಿದವರೇ ದಾರಿ ತೋರಬೇಕಾಯಿತು. ಹೆಡ್ ಮಾಸ್ಟರು ಎದೆಯುಬ್ಬಿಸಿ ಮುಂದೆ ಬಂದರು.

"ಅಷ್ಟು ಯೋಚಿಸೋದೇನಿದೆ? ಬಾಟಲಿ! ಕಣ್ಣಿಗೇ ಕಾಣುತ್ತಲ್ಲ!"

ಮಿಸ್ಸು ಬಾಟಲಿಯನ್ನು ಕಂಠಮಟ್ಟ ತುಂಬಿಸಿ ಪಾತ್ರೆಗೆ ಸುರಿದರು. ಅಷ್ಟುದ್ದದ ಬಾಟಲಿ ಪೂರ್ತಿ ಖಾಲಿಯಾಯಿತು. ಪಾತ್ರೆ ಅರ್ಧವೂ ತುಂಬಲಿಲ್ಲ.

ಆಮೇಲೆ ಹೆಂಚು ಹಾರುವಂಥ ಕೇಕೆ.

"ತಪ್ಪು! ತಪ್ಪು! ಹೆಡ್ ಮಾಸ್ಟರ್ ತಪ್ಪು!"

ಬರಗೆಟ್ಟವರಿಗೆ ಊಟ ಸಿಕ್ಕಂತಾಗಿತ್ತು. ಬೆಂಚುಗಳ ಮೇಲೆ ಕುಣಿತ, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದು. ಗದ್ದಲದ ನಡುವೆ ಬೊಚ್ಚುಬಾಯಿ ಹುಡುಗಿ ಮಾತ್ರ ಕಣ್ಣೊರೆಸಿಕೊಂಡು ಮುಂದೆ ಬಂದಳು. ನ್ಯಾಯಾಧೀಶರ ಹಾಗೆ ಕೈ ಎತ್ತಿದಳು. ಎಲ್ಲರೂ ಸುಮ್ಮನಾದರು.

"ಸರ್, ನಿಜ ಹೇಳಿ. ಬೇಕಂತ ಮಾಡಿದ್ರಾ?"

ಹೆಡ್ ಮಾಸ್ಟರ ಕಿವಿಗಳು ಕೆಂಪಾಗಿದ್ದವು. ಮಾನ ಉಳಿಸಿಕೊಳ್ಳುವ ಬಾಗಿಲು ಎದುರಿಗೇ ತೆರೆದಿತ್ತು. 'ಹೌದಮ್ಮ, ನಿಮ್ಮನ್ನ ಪರೀಕ್ಷೆ ಮಾಡೋಕೆ' ಎಂದು ನಕ್ಕುಬಿಟ್ಟರೆ ಸಾಕು. ಆಫೀಸರೂ ನಂಬುತ್ತಿದ್ದರು. ಆದರೆ ಹಾಗೆಂದರೆ ತಪ್ಪು ಖೋಟಾ, ಖೋಟಾ ಆದರೆ ಕುರ್ಚಿ ಖಾಲಿ, ಕುರ್ಚಿ ಖಾಲಿಯಾದರೆ ಸೋಮವಾರದಿಂದ ಉಕ್ತಲೇಖನ. ಗೋಡೆ ದಾಟಿ ಬರುವ ನಗುವಿಲ್ಲದ ಶುಕ್ರವಾರಗಳು ಸಾಲಾಗಿ ಕಣ್ಣ ಮುಂದೆ ನಿಂತವು. ಅವರು ಇಡೀ ಎತ್ತರದಿಂದ ಹುಡುಗಿಯ ಮಟ್ಟಕ್ಕೆ ಬಗ್ಗಿದರು.

"ಇಲ್ಲ ಕಣಮ್ಮ. ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ."

"ಅಸಲಿ!" ಎಂದು ಹುಡುಗಿ ತೀರ್ಪು ಕೊಟ್ಟಳು.

ಮುಂದಿನದು ಪಟ್ಟಾಭಿಷೇಕ. ಒಬ್ಬರು ಕೈ ಹಿಡಿದರು, ಒಬ್ಬರು ಅಂಗಿ ಎಳೆದರು, ಹಿಂದಿನಿಂದ ನಾಲ್ಕಾರು ಜನ ದೂಡಿದರು. ಹೆಡ್ ಮಾಸ್ಟರು ಕುರ್ಚಿಯ ಮೇಲೆ ಕೂತರು. ಕುರ್ಚಿ ಕಿರ್ರೆಂದಿತು. ಮಿಸ್ಸು ಯಾಕೋ ಒಂದು ಕೈಯನ್ನು ಕುರ್ಚಿಯ ಬೆನ್ನಿಗೆ ಆನಿಸಿ ನಿಂತರು. ಎಂಥ ವಾತ್ಸಲ್ಯ, ಅಂದುಕೊಂಡರು ಹೆಡ್ ಮಾಸ್ಟರು.

"ಹೇಳಿ ಸರ್, ನಿಮ್ಮ ಬುದ್ಧಿ ಎಲ್ಲಿ ಹೋಯ್ತು?"

"ಏನು ಹೇಳ್ಲಪ್ಪ... ಚಿಕ್ಕಂದಿನಿಂದ ನಾನೇ ಎಲ್ಲರಿಗಿಂತ ಉದ್ದ. ಏನೇ ಆಗ್ಲಿ, 'ನೀನು ದೊಡ್ಡೋನು, ನೀನು ದೊಡ್ಡೋನು' ಅಂತ ಮುಂದೆ ನಿಲ್ಲಿಸೋರು. ಉದ್ದ ಇದ್ರೆ ಸಾಕು, ಒಳಗೆ ಜಾಸ್ತಿ ಇರುತ್ತೆ ಅಂತ ನಾನೂ ನಂಬಿಬಿಟ್ಟಿದ್ದೆ. ಬಾಟಲಿ ನೋಡಿದೆ, ನಮ್ಮೋನೇ ಅನ್ನಿಸ್ತು. ಅಗಲ ನೋಡೋದೇ ಮರೆತೆ."

ಎರಡೆರಡ್ಲ ಐದರ ವೀರ ಹೆಡ್ ಮಾಸ್ಟರನ್ನು ನೋಡಿದ. ಆಫೀಸರ ಹೊಟ್ಟೆಯನ್ನು ನೋಡಿದ. ಬಾಟಲಿಯನ್ನೂ ಪಾತ್ರೆಯನ್ನೂ ಇನ್ನೊಮ್ಮೆ ನೋಡಿದ. ಅವನ ಮುಖದಲ್ಲಿ ಜ್ಞಾನೋದಯವಾಯಿತು.

"ಮಿಸ್! ಹಾಗಾದ್ರೆ ಆಫೀಸರ್ ಸರ್‌ಗೇ ಜಾಸ್ತಿ ಹಿಡಿಯುತ್ತೆ!"

ಹೆಡ್ ಮಾಸ್ಟರು ಕಣ್ಣು ಮುಚ್ಚಿಕೊಂಡರು. ಮುಗಿಯಿತು ಎಂದುಕೊಂಡರು. ಆದರೆ ಕೇಳಿಸಿದ್ದು ನಗು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ಆಫೀಸರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, ಕರವಸ್ತ್ರ ಹುಡುಕಿ ಸಿಗದೆ ಟೈಯಲ್ಲೇ ಒರೆಸಿಕೊಂಡರು. "ಹೌದಪ್ಪಾ ಹೌದು! ನಮ್ಮನೆಯವಳೂ ಅದನ್ನೇ ಹೇಳ್ತಾಳೆ!"

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಗುಂಡಿ ಡಬ್ಬಿ ತರಿಸಿದರು, ಅಂದಾಜು ಹೇಳಿದರು, ಸೋತರು. ಕಲ್ಲು ತೂಗಿದರು, ಅದರಲ್ಲೂ ಸೋತರು. ಪ್ರತಿ ಸೋಲಿಗೂ ಮಕ್ಕಳಿಗಿಂತ ಜೋರಾಗಿ ಅವರೇ ಚಪ್ಪಾಳೆ ತಟ್ಟಿದರು. ಇನ್ನೊಂದು ಗೋಡೆಯಾಚೆಯ ನಾಲ್ಕನೇ ಕ್ಲಾಸು ಕಿಟಕಿಗೆ ಬಂದು ಜೋತುಬಿತ್ತು. ಆಯಮ್ಮ ಮನೆಗೆ ಬಿಡುವ ಗಂಟೆ ಹೊಡೆದಳು. ಯಾರೂ ಅಲುಗಲಿಲ್ಲ. ಗಂಟೆ ಕೆಟ್ಟಿತೇನೋ ಎಂದು ಅವಳು ಇನ್ನೊಮ್ಮೆ ಹೊಡೆದು ನೋಡಿದಳು.

"ಈ ಪೀರಿಯಡ್ ಬಂದ್ ಮಾಡ್ಬೇಕು ಅಂದ್ಕೊಂಡು ಬಂದೆನಲ್ಲ, ಅದೇ ನನ್ನ ವಾರದ ತಪ್ಪು" ಎಂದರು ಆಫೀಸರು. "ಇದು ಹೀಗೇ ನಡೀಲಿ. ಆ ಹುಡುಗಿ ಅಪ್ಪನಿಗೆ ನಾನೇ ಹೇಳ್ತೀನಿ, ಮುಂದಿನ ಶುಕ್ರವಾರ ಅವನೂ ಬರ್ಲಿ." ಬೊಚ್ಚುಬಾಯಿ ಹುಡುಗಿ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿ, "ಇದೂ ಅಸಲಿ" ಎಂದು ಮೊಹರು ಒತ್ತಿದಳು. ತರಗತಿ ಮತ್ತೊಮ್ಮೆ ಬೆಂಚು ಹತ್ತಿತು. ಹೆಡ್ ಮಾಸ್ಟರು ಕುರ್ಚಿ ಬಿಟ್ಟೆದ್ದು, ಯುದ್ಧ ಗೆದ್ದ ರಾಜ ಇನ್ನೊಬ್ಬ ರಾಜನಿಗೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದರು.

"ಬನ್ನಿ ಸರ್, ಅಲಂಕರಿಸಿ! ಈ ಆಸನದ ಮಹಿಮೆ ಏನು ಗೊತ್ತಾ? ಈ ಶಾಲೆಗೆ ಬಂದಾಗಿನಿಂದ ನಮ್ಮ ಮಿಸ್ಸು ಇದರ ಮೇಲೆ ಒಂದು ಸಲವೂ ಕೂತಿಲ್ಲ. ಮಕ್ಕಳಿಗೇ ಬಿಟ್ಟುಕೊಟ್ಟಿದ್ದಾರೆ. ತ್ಯಾಗ ಸರ್, ತ್ಯಾಗ!"

ಆಫೀಸರು ಭಕ್ತಿಯಿಂದ ಕೈ ಮುಗಿದರು. "ಇಂಥ ಆಲೋಚನೆ ನಿಮಗೆ ಹೊಳೆದದ್ದಾದರೂ ಹೇಗಮ್ಮ?" ಎನ್ನುತ್ತ ಕುರ್ಚಿಯ ಕಡೆಗೆ ಬೆನ್ನು ಮಾಡಿ ಇಳಿಯತೊಡಗಿದರು.

ಮಿಸ್ಸು ಒಂದೇ ನೆಗೆತಕ್ಕೆ ಅವರ ತೋಳು ಹಿಡಿದು ಕುರ್ಚಿಯನ್ನು ಪಕ್ಕಕ್ಕೆಳೆದರು.

"ಅಯ್ಯೋ, ಬೇಡ ಸರ್! ಇದರ ಒಂದು ಕಾಲು ಅಲ್ಲಾಡುತ್ತೆ. ನನ್ನಂಥೋರು ಕೂತ್ರೆ ಮುರಿಯುತ್ತೆ, ಮಕ್ಕಳಾದ್ರೆ ತಡೆಯುತ್ತೆ ಅಂತ ಬಿಟ್ಟಿದೀನಿ ಅಷ್ಟೆ. ನಮ್ಮ ಯಜಮಾನರು ಬರೋ ವಾರ ರಿಪೇರಿ ಮಾಡಿಕೊಡ್ತಾರಂತೆ."