ಇಳಿಜಾರನ್ನು ನಂಬದ ಮಯ್ಯದ್ದಿ

ಸೌದಿಯ ಅಬ್ಹಾದ ಗುಡ್ಡಗಳಲ್ಲಿ ಸೈಕಲ್ಲಿನವರೆಲ್ಲ ಏರಿನಲ್ಲಿ ತಳ್ಳಿಕೊಂಡು ಹೋಗಿ ಇಳಿಜಾರಿನಲ್ಲಿ ಹತ್ತಿ ಕೂರುತ್ತಾರೆ; ಲಾಂಡ್ರಿಯ ಮಯ್ಯದ್ದಿ ಮಾತ್ರ ಏರಿನಲ್ಲಿ ಹಲ್ಲು ಕಚ್ಚಿ ತುಳಿದು, ಇಳಿಜಾರು ಬಂದ ಕೂಡಲೇ ಇಳಿದು ನಡೆಯುತ್ತಾನೆ. ಅವನಿಗೆ ಬ್ರೇಕಿನ ಮೇಲೆ ನಂಬಿಕೆಯಿಲ್ಲ, ಅದನ್ನು ಹಾಕಿಕೊಟ್ಟ ಪೇಶಾವರದ ಸೈಕಲ್ ರಿಪೇರಿಯವನ ಮೇಲಂತೂ ಮೊದಲೇ ಇಲ್ಲ. ಆ ಮನುಷ್ಯ ಬೇರೆ ಯಾರದೋ ಚಕ್ರದಿಂದ ತೆಗೆದ ಹಳೆಯ ಗಾಳಿಯನ್ನು ತನ್ನ ಟ್ಯೂಬಿಗೆ ತುಂಬುತ್ತಾನೆಂದು ಮಯ್ಯದ್ದಿಯ ಗುಮಾನಿ. ಗಿರಾಕಿಯ ಮನೆ ಮೆಟ್ಟಿಲು ಹತ್ತುವಾಗ ಒಂದು ಕೈಯಲ್ಲಿ ಇಸ್ತ್ರಿ ಮಾಡಿದ ನಿಲುವಂಗಿಗಳು, ಇನ್ನೊಂದು ಕಡೆಯ ಕಂಕುಳಲ್ಲಿ ಕಳ್ಳರಿಗೆ ಹೆದರಿ ಬಿಚ್ಚಿಕೊಂಡ ಸೈಕಲ್ಲಿನ ಸೀಟು. ಯಾರಾದರೂ ಪಿಕಪ್ ನಿಲ್ಲಿಸಿ "ಯಲ್ಲಾ, ಹತ್ತು" ಎಂದರೆ ಮೊದಲು ನಂಬರ್ ಪ್ಲೇಟು ಓದಿಕೊಂಡು, ಆಮೇಲೆ ಬೇಡವೆಂದು ತಲೆಯಾಡಿಸುತ್ತಾನೆ. "ಇಳಿಜಾರಲ್ಲಿ ಸುಮ್ಮನೆ ಕೂತರೆ ಸಾಕಲ್ಲ ಮಾರಾಯ, ಎಂತ ಹೆದರಿಕೆ ನಿನಗೆ?" ಎಂದು ರೂಮಿನ ನಿಸಾರ್ ಒಮ್ಮೆ ಕೇಳಿದ್ದ. "ತುಳಿಯದೆ ಓಡುವಂಥದ್ದು ಯಾವುದೂ ನಾವು ಹೇಳಿದಲ್ಲಿ ನಿಲ್ಲುವುದಿಲ್ಲ," ಎಂದಿದ್ದ ಮಯ್ಯದ್ದಿ. ಕುವೈತ್ ಯುದ್ಧ ಮುಗಿದ ವರ್ಷ ಅವನ ವೀಸಾ ಕೂಡ ಹಾಗೆಯೇ ತುಳಿಯದೆ ಬಂದಿತ್ತು. ದಮ್ಮಾಮ್ ಶಹರದಲ್ಲಿ ಅತ್ತರಿನ ಅಂಗಡಿ, ಎಸಿಯ ಕೆಳಗೆ ಕುರ್ಚಿ ಎಂದು ಹೇಳಿ ಅದನ್ನು ತಂದುಕೊಟ್ಟವನು ಒಡಹುಟ್ಟಿದ ಅಣ್ಣ. ಮಯ್ಯದ್ದಿ ಬಂದಿಳಿದದ್ದು ಮಾತ್ರ ಈ ಗುಡ್ಡದ ಲಾಂಡ್ರಿಗೆ. ಪ್ರತಿ ಶುಕ್ರವಾರ ಅವನು ಊರಲ್ಲಿರುವ ಹೆತ್ತ ಉಮ್ಮನಿಗೆ ಕಾಗದ ಬರೆಯುತ್ತಾನೆ. ತಾನು ಕಂಡೇ ಇರದ ಆ ಅಂಗಡಿಯಲ್ಲಿ ಈ ವಾರ ಯಾವ ಅತ್ತರು ಹೆಚ್ಚು ಹೋಯಿತೆಂದು ವಿವರವಾಗಿ ತಿಳಿಸಿ, ಎರಡೆರಡು ಸಲ ಓದಿ, ಅಣ್ಣನ ಮಾತಿನ ಮೇಲೆ ಉಮ್ಮನಿಗೆ ಎಂದೂ ಅನುಮಾನ ಬಾರದಿರಲೆಂದು ಲಕೋಟೆಯ ಅಂಚಿಗೆ ಒಂದು ಹನಿ ಅತ್ತರು ಸವರುತ್ತಾನೆ.