ದಂಡೆಯ ಮೇಲಿನ ಅಂಬಿಗ

ಸೂರ್ಯ ಇನ್ನೂ ಮೂಡಿಲ್ಲ. ರಂಗಂಪೇಟೆ ದಾಟಿದರೆ ಸಿಗುವ ಕೆರೆಯ ದಂಡೆಯಲ್ಲಿ ಯಂಕಣ್ಣ ಅಂಬಿಗೇರ ಒಂದು ಹಂಸದ ಆಕಾರದ ದೋಣಿಗೆ ಹಗ್ಗ ಬಿಗಿದು ಎಳೆಯುತ್ತಿದ್ದಾರೆ. ಹಿಂದಿನಿಂದ ಹೆಂಡತಿ ಮೋನಮ್ಮ ದೂಡುತ್ತಿದ್ದಾರೆ. ನೀರಿಗಲ್ಲ, ನೀರಿನಿಂದ ದೂರಕ್ಕೆ! ಕಾಲುವೆಗೆ ನೀರು ಬಿಟ್ಟಿದ್ದಾರೆ, ಕೆರೆ ಏರುತ್ತಿದೆ. ಬೆಳಗಾಗುವುದರೊಳಗೆ ನೀರು ಬಂದು ದೋಣಿಯ ಹೊಟ್ಟೆ ಮುಟ್ಟಿರುತ್ತದೆ. ಕೆರೆ ತುಂಬಲೆಂದು ಹರಕೆ ಹೊರಬೇಕಾದ ಅಂಬಿಗ, ಏರುವ ನೀರು ಕಂಡರೆ ಎದೆ ಹಿಡಿದುಕೊಳ್ಳುತ್ತಾರೆ.

“ತೇಲಿತಂದ್ರ ಮುಳುಗ್ತೈತ್ರಿ. ತಳಾನ ಉಳಿದಿಲ್ಲ ಅದಕ್ಕ,” ಎನ್ನುತ್ತಾರೆ ಯಂಕಣ್ಣ, ಹಗ್ಗವನ್ನು ಜಾಲಿಯ ಬೊಡ್ಡೆಗೆ ಸುತ್ತುತ್ತ.

ಸುರಪುರಕ್ಕೆ ನೆಂಟರು ಬಂದರೆ ಎಲ್ಲಿಗೆ ಕರೆದೊಯ್ಯುವುದು ಹೇಳಿ? ಅರಮನೆ ತೋರಿಸಬೇಕು. ವೇಣುಗೋಪಾಲಸ್ವಾಮಿಗೆ ಕೈ ಮುಗಿಸಬೇಕು. ಮಕ್ಕಳು ಹಟ ಹಿಡಿದರೆ ಶಹಾಪುರದ ಹಾದಿಯಲ್ಲಿ ಗಾಡಿ ನಿಲ್ಲಿಸಿ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟದಲ್ಲಿ ಮೂಗು ಎಲ್ಲಿದೆ ಅಂತ ಬೆರಳು ತೋರಿಸಬೇಕು. ಆಮೇಲೆ? ಮಿರ್ಚಿ ಭಜಿ, ಚಹಾ, ಊರು ಮುಗೀತು! ಹಾಗಿರುವಾಗ ಗುತ್ತಿಗೆದಾರರೊಬ್ಬರು ಈ ಕೆರೆಗೆ ಕಾಲಿನಿಂದ ತುಳಿಯುವ ಪ್ಲಾಸ್ಟಿಕ್ ಹಂಸಗಳನ್ನು ತಂದು ಬಿಟ್ಟಾಗ ಜನ ಜಾತ್ರೆಯಂತೆ ನೆರೆದಿದ್ದರಲ್ಲಿ ಆಶ್ಚರ್ಯವೇನಿಲ್ಲ. ದೇವಾಪುರದಿಂದ ಟ್ರ್ಯಾಕ್ಟರ್ ತುಂಬ ಹೆಂಗಸರು ಬರುತ್ತಿದ್ದರು. ದೋಣಿ ನೋಡಿಕೊಳ್ಳಲು ಯಾರು ಎಂದಾಗ ಎಲ್ಲರ ಬಾಯಲ್ಲೂ ಬಂದದ್ದು ಒಂದೇ ಹೆಸರು.

ಯಂಕಣ್ಣನವರ ತಂದೆ ತಿಂಥಣಿಯ ಕಡೆ ಕೃಷ್ಣೆಯಲ್ಲಿ ಹರಗೋಲು ಹಾಕುತ್ತಿದ್ದವರು. ಹೊಳೆ ತುಂಬಿ ಬಂದ ದಿನವೂ ಬಸುರಿ ಬಾಣಂತಿಯರನ್ನು ಆಚೆ ದಡ ಮುಟ್ಟಿಸಿದವರು. ಯಂಕಣ್ಣ ಮೀಸೆ ಮೂಡುವ ಮುಂಚೆಯೇ ಹುಟ್ಟು ಹಿಡಿದರು. ಆಮೇಲೆ ಸೇತುವೆ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಬಸ್ಸಿನ ಕಿಟಕಿಯಿಂದ ಕೈ ಬೀಸಿದವರೂ ಇಲ್ಲ. ತಂದೆ ಸೇತುವೆಯ ಕೆಳಗೆ ಹರಗೋಲು ಬೋರಲು ಹಾಕಿ ಅದರ ನೆರಳಲ್ಲಿ ಕೂತೇ ದಿನ ಕಳೆದು ತೀರಿಕೊಂಡರು. ಮಗ ಕಾಲುವೆಯ ಗದ್ದೆಗಳಲ್ಲಿ ಭತ್ತದ ಚೀಲ ಹೊತ್ತರು. ಮತ್ತೆ ನೀರಿನ ಮೇಲಿನ ಕೆಲಸ ಸಿಕ್ಕಿತು ಅಂದಾಗ, ಅಯ್ಯೋ, ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಅತ್ತುಬಿಟ್ಟರಂತೆ. ಇದನ್ನು ಹೇಳಿದವರು ಮೋನಮ್ಮ.

ಆ ಸಂಭ್ರಮವನ್ನು ಅವರೇ ಕೈಯಾರೆ ಸುಟ್ಟುಕೊಂಡರು.

ಹೋದ ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆಗಿ ಕೆರೆ ಬತ್ತಿತ್ತು. ಹಂಸಗಳೆಲ್ಲ ದಂಡೆ ಹತ್ತಿದ್ದವು. ಮುಂಗಾರಿನ ಮಿರಗ ಮಳೆ ಕೂಡುವ ಮುಂಚೆ ಹರಗೋಲನ್ನು ಬೋರಲು ಹಾಕಿ ಕಾದ ಡಾಂಬರು ಬಳಿಯುವುದು ಅಂಬಿಗರ ಮನೆಯ ಪದ್ಧತಿ. ಬಳಿಯದೆ ನೀರಿಗಿಳಿಸಿದರೆ ಮಂದಿ ಮುಳುಗಿದ ಪಾಪ ಅಂಬಿಗನ ತಲೆಗೆ. ಯಂಕಣ್ಣ ಯಾರನ್ನೂ ಕೇಳಲಿಲ್ಲ. ರಸ್ತೆ ಕೆಲಸದವರಲ್ಲಿ ಡಾಂಬರು ಬೇಡಿ ತಂದರು, ತಗಡಿನ ಡಬ್ಬಿಯಲ್ಲಿ ಕುದಿಸಿದರು. ಒಲೆಗೆ ಜಾಲಿ ಕಟ್ಟಿಗೆ ಇಟ್ಟವರು ಮೋನಮ್ಮ. ಒಂದೊಂದಾಗಿ ಎಲ್ಲ ಹಂಸಗಳ ಹೊಟ್ಟೆಗೂ ಪ್ರೀತಿಯಿಂದ ಬಳಿದರು.

“ಬಳಿಯೋಮುಂದ ಕರ್ರಗ ಮಿಂಚ್ತಿತ್ರಿ. ಏನ್ ಛಂದ ಆತು ಅಂದೆ. ಸ್ವಲ್ಪೊತ್ತಿಗೆ ಬೊಬ್ಬಿ ಎದ್ವು, ತಳಾ ಮೆತ್ತಗಾಗಿ ಒಳಗ ಕುಸೀತು. ನೀರ್ ಸುರಿ, ನೀರ್ ಸುರಿ ಅಂತ ಇಕಿಗಿ ಒದರಿದೆ. ನೀರ್ ಬಿದ್ದಲ್ಲೆಲ್ಲ ಸೀಳಿತು. ಪ್ಲಾಸ್ಟಿಕ್ ಅಂಬೋದು ಗೊತ್ತಿತ್ರಿ, ಆದ್ರ ದೋಣಿ ದೋಣಿನ ಅಲ್ಲೇನ್ರಿ?”

ಗುತ್ತಿಗೆದಾರರು ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಯಂಕಣ್ಣ. ಮೂರು ಹಂಸಗಳನ್ನು ಗುಜರಿಗೆ ಹಾಕಿ, ಇದ್ದುದರಲ್ಲಿ ಮುಖ ನೆಟ್ಟಗಿದ್ದ ಒಂದನ್ನು ದಂಡೆಯಲ್ಲಿ ಉಳಿಸಿದರು. ಜನ ಅದರಲ್ಲಿ ಕೂತು ಫೋಟೊ ತೆಗೆಸಿಕೊಳ್ಳಲಿ ಎಂದರು. ಈಗ ಯಂಕಣ್ಣನವರ ಕೆಲಸ ಅದೇ. ಬೆಳಗ್ಗೆ ಹಂಸದ ಮೈ ಒರೆಸುವುದು, ಬಂದವರಿಗೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸುವುದು, ಕೈ ಹಿಡಿದು ಹತ್ತಿಸುವುದು, ಅಲ್ಲೇ ಇಳಿಸುವುದು. ಒಣ ನೆಲದ ಮೇಲೆ ಜಾಕೀಟು! ಹುಡುಗರು ನಗುತ್ತಾರೆ, “ಕಾಕಾ, ಬಿರುಗಾಳಿ ಬಂದೀತು ಹುಷಾರು” ಅಂತ ಛೇಡಿಸುತ್ತಾರೆ. ಯಂಕಣ್ಣ ತಲೆ ಎತ್ತುವುದಿಲ್ಲ. ಮಂದಿ ಹೆಚ್ಚು ಬರುವ ಭಾನುವಾರ ಸಂಜೆ ಅವರಿಗೆ ಊಟ ಸೇರುವುದಿಲ್ಲ.

ಅವರಿಗೆ ಉಳಿದದ್ದು ಒಂದೇ ಆಸೆ: ತಂದೆಯ ಹರಗೋಲನ್ನು ಸರಿಮಾಡಿ ತಂದು, ಒಮ್ಮೆಯಾದರೂ ಈ ಕೆರೆಯಲ್ಲಿ ಮಂದಿಯನ್ನು ಸುತ್ತಾಡಿಸಬೇಕು. ಗುತ್ತಿಗೆದಾರರನ್ನು ತಿಂಗಳುಗಟ್ಟಲೆ ಕೇಳಿದರು, ಕಾಲಿಗೂ ಬಿದ್ದರು. ಮೊನ್ನೆ ಉತ್ತರ ಬಂತು. ದಸರೆಗೆ ಹೊಸ ದೋಣಿಗಳು ಬರುತ್ತವೆ, ಅವುಗಳ ಜೊತೆ ತರಬೇತಾದವರು ಬರುತ್ತಾರೆ. ಹರಗೋಲು ಕೆರೆಯ ಹತ್ತಿರ ಸುಳಿಯಕೂಡದು. ಯಂಕಣ್ಣ ಬೇಕಾದರೆ ಗೇಟಿನ ಬಳಿ ಕಸ ಗುಡಿಸಬಹುದು.

“ಅದನ್ನ ಕೇಳಿ ಸುಮ್ಮನೆ ಬಂದರಾ ಇವರು?” ಎಂದು ನಾವು ಕೇಳಿದರೆ ಮೋನಮ್ಮ ಸೆರಗಿನಿಂದ ಕಣ್ಣೊರೆಸುತ್ತಾರೆ. “ಸುಮ್ನ ಬಂದಾರ್ರಿ. ಅದ ಅಂಜಿಕಿ ನನಗ.”

ಇವತ್ತು ಬಿಸಿಲೇರುವ ಹೊತ್ತಿಗೆ ದೇವಾಪುರದ ಇಮಾಮಬೀ ಬರುತ್ತಾರೆ, ಜೊತೆಗೆ ಸೊಸೆ ರಾಬಿಯಾ. ಅಜ್ಜಿಗೆ ಕಣ್ಣು ಮಂಜು. ಮದುವೆಯಾಗಿ ಬಂದಾಗ ಹೊಳೆ ದಾಟಿಸಿದ್ದು ಯಂಕಣ್ಣನವರ ತಂದೆಯೇ ಎಂದು ಹಂಸದಲ್ಲಿ ಕೂತೊಡನೆ ನೆನೆಯುತ್ತಾರೆ. ಕೆರೆಯ ಗಾಳಿ ಬೀಸುತ್ತದೆ, ಹೊಸ ನೀರು ಹತ್ತಿರದಲ್ಲೇ ಸಪ್ಪಳ ಮಾಡುತ್ತದೆ.

“ಎಷ್ಟ್ ಹಗೂರ ಹೊಂಟೈತಿ ಬೇಟಾ. ಅಪ್ಪನ ಕೈನ ಬಂದೈತಿ ನಿನಗ,” ಎನ್ನುತ್ತಾರೆ ಇಮಾಮಬೀ.

ನಿಜ ಹೇಳಲು ರಾಬಿಯಾ ಬಾಯಿ ತೆರೆಯುತ್ತಾರೆ, ಯಂಕಣ್ಣ ಬೇಡವೆಂದು ಕೈ ಸನ್ನೆ ಮಾಡುತ್ತಾರೆ. ದೋಣಿಯ ಅಂಚು ಹಿಡಿದು ಮೆಲ್ಲಗೆ ತೂಗುತ್ತಾರೆ. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿದೆ, ಒರೆಸಲು ಕೈಗೆ ಬಿಡುವಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿಯನ್ನು ಎತ್ತಿ ಇಳಿಸುತ್ತಾರೆ. ಇಮಾಮಬೀ ಸೊಂಟದ ಸಂಚಿ ಬಿಚ್ಚಿ ನಾಣ್ಯವೊಂದನ್ನು ಮುಂದೆ ಹಿಡಿಯುತ್ತಾರೆ.

ಯಂಕಣ್ಣ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

“ಬ್ಯಾಡಬೇ ಯವ್ವಾ. ಆಚಿ ದಂಡಿ ಮುಟ್ಟಿಸಲಾರ್ದ ಕೂಲಿ ನಮ್ಮ ಮನ್ಯಾಗ ಯಾರೂ ಉಂಡಿಲ್ಲ.”